ಬ್ರೌಸರಿನ ಒಳಗೆಲಸ

ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಹಾಸು ಮುಗಿದು ಇನ್ನೊಂದನ್ನು ಹೂಡುವ ಹೊತ್ತಿಗೆ ಹೋಗಿ ನೋಡಿದವರಿಗೆ ಈ ಮಾತು ಗೊತ್ತು. ನೇಕಾರನು ಹಳೆಯ ನೂಲನ್ನೆಲ್ಲ ಕಿತ್ತು ಮಗ್ಗವನ್ನು ಬರಿದು ಮಾಡುವುದಿಲ್ಲ. ಹಣಿಗೆಯಲ್ಲಿ ಹಾಯ್ದು ನಿಂತ ಹಳೆಯ ಎಳೆಯ ತುದಿಗೆ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸುತ್ತಾನೆ. ಸಾವಿರಾರು ಎಳೆಗಳಾದರೂ ಒಂದೊಂದನ್ನೇ ಕೂಡಿಸಬೇಕು. ಒಂದು ಅದಲುಬದಲಾದರೆ ಸೀರೆಯ ಉದ್ದಕ್ಕೂ ದೋಷ ಕಾಣುತ್ತದೆ. ಕೆಲಸ ಚೊಕ್ಕಟವಾದರೆ ಉಡುವವರಿಗೆ ಅದರ ಸುಳಿವೇ ಹತ್ತುವುದಿಲ್ಲ.

ಇಂಥದೇ ಕೆಲಸವೊಂದು ನಮ್ಮ ಮನೆಯ ಗಣಕಯಂತ್ರದಲ್ಲಿ, ಕೈಯಲ್ಲಿಯ ಮೊಬೈಲಿನಲ್ಲಿ ಸದಾ ನಡೆದಿರುತ್ತದೆ. ಜಾಲತಾಣಗಳನ್ನು ನೋಡಲು ನಾವು ತೆರೆಯುವ ಬ್ರೌಸರ್ ಹೊರಗಿನಿಂದ ಒಂದು ಕಿಟಕಿಯಂತೆ ಕಂಡರೂ ಒಳಗೆ ದೊಡ್ಡ ಕಾರಖಾನೆಯೇ ಸರಿ. ಒಂದು ವಿಭಾಗ ದೂರದ ಯಂತ್ರದಿಂದ ಪುಟವನ್ನು ತರಿಸುತ್ತದೆ. ಇನ್ನೊಂದು ಅದರ ಗುರುತುಗಳನ್ನು ಓದಿ ಬಿಡಿಸುತ್ತದೆ. ಮತ್ತೊಂದು ಯಾವುದು ಎಲ್ಲಿರಬೇಕೆಂದು ಅಳೆಯುತ್ತದೆ. ಬೇರೊಂದು ಅಕ್ಷರ ಜೋಡಿಸುತ್ತದೆ. ಕೊನೆಯದು ಪರದೆಯ ಮೇಲೆ ಚಿತ್ರಿಸುತ್ತದೆ. ಮೊಟ್ಟಮೊದಲ ಬ್ರೌಸರನ್ನು ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ 1990ರಲ್ಲಿ ಬರೆದರು. ಇಂದಿನ ದೊಡ್ಡ ಬ್ರೌಸರುಗಳ ಕೋಡು ಒಂದು ಕೋಟಿ ಸಾಲುಗಳನ್ನು ಮೀರಿದೆ.

ಇಷ್ಟು ಸಾಲುಗಳನ್ನು ಅನೇಕರು ಅನೇಕ ವರ್ಷ ಬರೆದಾಗ ಗೋಜಲು ಸೇರದೆ ಇರದು. ಒಂದೇ ಕೆಲಸಕ್ಕೆ ಎರಡು ದಾರಿ ಇರುತ್ತವೆ. ಯಾರಿಗೂ ಬೇಡವಾದ ಭಾಗ ಉಳಿದಿರುತ್ತದೆ. ಹೊರಗಿನ ನಡತೆಯನ್ನು ಕೆಡಿಸದೆ ಒಳಗಿನ ರಚನೆಯನ್ನು ಸರಿಪಡಿಸುವ ಈ ಕೆಲಸಕ್ಕೆ ‘ರಿಫ್ಯಾಕ್ಟರಿಂಗ್’ ಎನ್ನುತ್ತಾರೆ. 1999ರಲ್ಲಿ ಮಾರ್ಟಿನ್ ಫೌಲರ್ ಬರೆದ ಪುಸ್ತಕದಿಂದ ಈ ಹೆಸರು ಎಲ್ಲೆಡೆ ಹಬ್ಬಿತು.

ಹಾಗಾದರೆ ಹಳೆಯದನ್ನು ಎಸೆದು ಎಲ್ಲವನ್ನೂ ಹೊಸದಾಗಿ ಬರೆಯಬಾರದೇಕೆ ಎಂದು ಓದುಗರು ಕೇಳಬಹುದು. ಬರೆದು ನೋಡಿದವರಿದ್ದಾರೆ. ತೊಂಬತ್ತರ ದಶಕದಲ್ಲಿ ನೆಟ್‌ಸ್ಕೇಪ್ ಬ್ರೌಸರಿನ ಹೆಸರು ಮನೆಮಾತಾಗಿತ್ತು. 1998ರ ಮಾರ್ಚಿನಲ್ಲಿ ಅದರ ಕೋಡನ್ನು ಲೋಕಕ್ಕೆ ತೆರೆದಿಟ್ಟರು. ಅದೇ ವರ್ಷ ಹಳೆಯ ಪುಟಜೋಡಣೆಯ ಯಂತ್ರವನ್ನು ಬಿಟ್ಟು ಹೊಸದರ ಮೇಲೆ ಎಲ್ಲವನ್ನೂ ಕಟ್ಟಲು ನಿಶ್ಚಯಿಸಿದರು. ಐದನೆಯ ಆವೃತ್ತಿ ಹೊರಬರಲೇ ಇಲ್ಲ. ಆರನೆಯದು ಬಂದುದು 2000ದ ನವೆಂಬರಿನಲ್ಲಿ. ಅಷ್ಟರೊಳಗೆ ಬಹುಪಾಲು ಬಳಕೆದಾರರು ಮೈಕ್ರೋಸಾಫ್ಟಿನ ಬ್ರೌಸರಿನತ್ತ ಹೋಗಿಬಿಟ್ಟಿದ್ದರು. ಹೊಸ ನೇಯ್ಗೆ ಕೆಟ್ಟದ್ದಾಗಿರಲಿಲ್ಲ. ಅದರಿಂದಲೇ 2004ರಲ್ಲಿ ಫೈರ್‌ಫಾಕ್ಸ್ ಹುಟ್ಟಿತು. ಆದರೆ ಮಗ್ಗ ಬರಿದಾಗಿ ನಿಂತ ಕಾಲದಲ್ಲಿ ಗಿರಾಕಿ ಕಾಯಲಿಲ್ಲ.

ಅದೇ ಫೈರ್‌ಫಾಕ್ಸ್ 2017ರಲ್ಲಿ ಬೇರೆ ದಾರಿ ಹಿಡಿಯಿತು. ಪುಟದ ಬಣ್ಣ, ಅಳತೆ, ಅಂದಚೆಂದ ನಿರ್ಧರಿಸುವ ಭಾಗವನ್ನು ರಸ್ಟ್ ಎಂಬ ಹೊಸ ಭಾಷೆಯಲ್ಲಿ ಬರೆದು, ಹಳೆಯ ಬ್ರೌಸರಿನ ಒಡಲಲ್ಲೇ ಜೋಡಿಸಿದರು. ಉಳಿದ ಭಾಗಗಳು ತಮ್ಮ ಕೆಲಸ ಮಾಡುತ್ತಲೇ ಇದ್ದವು. 2013ರಲ್ಲಿ ಗೂಗಲ್ ಕಂಪನಿ ತನ್ನ ಕ್ರೋಮ್ ಬ್ರೌಸರಿನ ಪುಟಜೋಡಣೆಯ ಯಂತ್ರವನ್ನು ‘ಬ್ಲಿಂಕ್’ ಎಂದು ಬೇರ್ಪಡಿಸಿದಾಗ, ಆರಂಭದಲ್ಲೇ 7,000ಕ್ಕೂ ಹೆಚ್ಚು ಕಡತಗಳನ್ನು, 45 ಲಕ್ಷಕ್ಕೂ ಮಿಕ್ಕ ಸಾಲುಗಳನ್ನು ತೆಗೆದುಹಾಕಬಹುದೆಂದು ಸಾರಿತು.

ಇದರಿಂದ ನಮಗೇನು? ‘ಲಕ್ಷ್ಮೇಶ್ವರ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಓದುವಾಗ ನಾಲ್ಕೇ ಅಕ್ಷರ. ಯುನಿಕೋಡ್ ಪದ್ಧತಿಯಲ್ಲಿ ಯಂತ್ರದೊಳಗೆ ಅದು ಹನ್ನೊಂದು ಸಂಕೇತಗಳ ಸಾಲು. ಕ, ಷ, ಮ ಮೂರೂ ಬೇರೆಬೇರೆ, ನಡುವೆ ಒತ್ತಕ್ಷರವನ್ನು ಸೂಚಿಸುವ ಗುರುತು, ಆಮೇಲೆ ಏತ್ವ. ಷ ಎಲ್ಲಿ ಕೂಡಬೇಕು, ಮಕಾರದ ಒತ್ತು ಎಲ್ಲಿ ಇಳಿಯಬೇಕು ಎಂಬುದನ್ನು ಅಕ್ಷರ ಜೋಡಿಸುವ ವಿಭಾಗವೇ ಫಾಂಟಿನ ನೆರವಿನಿಂದ ನಿರ್ಧರಿಸಬೇಕು. ಮೊದಲು ಬ್ರೌಸರುಗಳು ಇದನ್ನು ವಿಂಡೋಸಿನಲ್ಲಿ ಒಂದು ಸಲಕರಣೆಗೆ, ಮ್ಯಾಕಿನಲ್ಲಿ ಇನ್ನೊಂದಕ್ಕೆ, ಲಿನಕ್ಸಿನಲ್ಲಿ ಮತ್ತೊಂದಕ್ಕೆ ಒಪ್ಪಿಸುತ್ತಿದ್ದವು. ಒಂದರಲ್ಲಿ ನೆಟ್ಟಗೆ ಕಂಡ ಪದ ಇನ್ನೊಂದರಲ್ಲಿ ಒಡೆದು ಕಾಣಬಹುದಾಗಿತ್ತು. ಮುಂದೆ ಫೈರ್‌ಫಾಕ್ಸ್, ಕ್ರೋಮ್ ಎರಡೂ ಬಹುಮಟ್ಟಿಗೆ ‘ಹಾರ್ಫ್‌ಬಜ್’ ಎಂಬ ಒಂದೇ ಮುಕ್ತ ಸಲಕರಣೆಗೆ ಬಂದವು. ಈಗ ಒಂದು ಕಡೆ ತಿದ್ದಿದರೆ ಎಲ್ಲ ಕಡೆಗೂ ತಿದ್ದುಪಡಿ ತಲುಪುತ್ತದೆ. ಒಂದು ಕಡೆ ತಪ್ಪಿದರೆ ತಪ್ಪೂ ಹಾಗೆಯೇ ಹರಡುತ್ತದೆ.

ಅದಕ್ಕಾಗಿ ಬಲ್ಲವರು ಕೋಡಿಗೆ ಕೈ ಹಚ್ಚುವ ಮುನ್ನ ಪರೀಕ್ಷೆಗಳನ್ನು ಬರೆದಿಡುತ್ತಾರೆ: ಈ ಸಂಕೇತಗಳನ್ನು ಕೊಟ್ಟರೆ ಈ ರೂಪವೇ ಬರಬೇಕು ಎಂದು. ಆಮೇಲೆ ಚಿಕ್ಕದೊಂದು ಭಾಗ ಬದಲಿಸಿ ಎಲ್ಲ ಪರೀಕ್ಷೆಗಳನ್ನೂ ನಡೆಸುತ್ತಾರೆ, ತಪ್ಪಿದರೆ ಹಿಂದಿರುಗುತ್ತಾರೆ. ವಿಚಿತ್ರವಾಗಿ ಕಂಡ ಹಳೆಯ ಸಾಲನ್ನು ಅವಸರದಿಂದ ಅಳಿಸುವುದೂ ಇಲ್ಲ. ಹಿಂದೆಂದೋ ಯಾವುದೋ ಭಾಷೆಯವರು ಹೇಳಿಕೊಂಡ ತೊಂದರೆಗೆ ಅದೇ ಪರಿಹಾರವಾಗಿರಬಹುದು. ಆದರೆ ಪರೀಕ್ಷೆಯಲ್ಲಿ ಇಲ್ಲದ ತಪ್ಪು ಯಂತ್ರಕ್ಕೆ ಕಾಣದು. ಕನ್ನಡದ ಒತ್ತು ಜಾರಿತೆಂದು ಕನ್ನಡ ಬಲ್ಲವರೇ ಹೇಳಬೇಕು.

ಇದು ಬರಿಯ ಅಂದದ ಮಾತಲ್ಲ. ಶಿರಹಟ್ಟಿಯ, ಮುಂಡರಗಿಯ ರೈತನು ಹೊಲದ ಉತಾರ ನೋಡಲು ಸರ್ಕಾರದ ‘ಭೂಮಿ’ ಜಾಲತಾಣವನ್ನು ತೆರೆದಾಗ ಹೋಬಳಿಯ, ಊರಿನ ಹೆಸರನ್ನು ಕನ್ನಡದಲ್ಲಿ ಓದಬೇಕಾದೀತು. ಒಂದು ಒತ್ತು ತಪ್ಪಿದರೆ ತನ್ನೂರ ಹೆಸರೇ ಅವನಿಗೆ ಅನುಮಾನವಾದೀತು.

ಆದುದರಿಂದ ಓದುಗರಲ್ಲಿ ಎರಡು ವಿನಂತಿ. ಬ್ರೌಸರಿನ ಹೊಸ ಆವೃತ್ತಿ ಬಂದಾಗ ಮುಂದೂಡದೆ ಹಾಕಿಕೊಳ್ಳಿರಿ; ಕಳ್ಳರು ನುಸುಳುವ ಬಿರುಕುಗಳನ್ನು ಮುಚ್ಚುವುದೂ ಈ ಒಳಗೆಲಸದ ಭಾಗವೇ. ಅನಂತರ ಎಲ್ಲಿಯಾದರೂ ಅಕ್ಷರ ಒಡೆದು ಕಂಡರೆ ಪರದೆಯ ಚಿತ್ರ ತೆಗೆದು, ಪುಟದ ವಿಳಾಸ, ಬ್ರೌಸರಿನ ಆವೃತ್ತಿ, ಯಂತ್ರದ ಬಗೆ ಇವಿಷ್ಟನ್ನು ಬರೆದು ತಯಾರಕರಿಗೆ ತಿಳಿಸಿರಿ. ಫೈರ್‌ಫಾಕ್ಸ್, ಕ್ರೋಮ್ ಎರಡರ ದೂರಿನ ದಾಖಲೆಯೂ ಸಾರ್ವಜನಿಕರಿಗೆ ತೆರೆದಿದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅರ್ಧ ಗಂಟೆಯ ಕೆಲಸ. ಅವರು ಕಳಿಸಿದ ಒಂದು ಪದ ಪರೀಕ್ಷೆಯ ಪಟ್ಟಿಗೆ ಸೇರಿತೆಂದರೆ, ಮುಂದೆ ಒಳಗೆ ಯಾರು ಏನು ಬದಲಿಸಿದರೂ ಮೊದಲು ಆ ಪದವನ್ನು ಸರಿಯಾಗಿ ಬರೆದು ತೋರಿಸಬೇಕಾಗುತ್ತದೆ.