ಎಣ್ಣೆ ಡ್ರಮ್ಮು, ಪೊಲೀಸ್ ಫಾರ್ಮು

ಫೆಸ್ಟ್ ದಿನ ರಾತ್ರಿ 10 ಆಗ್ತಿದ್ದ ಹಾಗೆ ಸೌಂಡ್ ಆಫ್ ಮಾಡಿಸ್ತಾರಲ್ಲ, ಆಗ ಒಂದು ಪ್ರಶ್ನೆ ಏಳುತ್ತೆ. ಯಾವುದು ಸಂಗೀತ, ಯಾವುದು ಗಲಾಟೆ ಅಂತ ತೀರ್ಮಾನ ಮಾಡೋರು ಯಾರು? ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್ ಸುಮಾರು ಅರವತ್ತು ವರ್ಷದಿಂದ ಇದೇ ಪ್ರಶ್ನೆ ಎದುರಿಸ್ತಾ ಬಂದಿದೆ.

ಮೊದಲು ವಾದ್ಯದ ಕಥೆ. ಟ್ರಿನಿಡಾಡ್‌ನಲ್ಲಿ 1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ಬೀದಿಯಲ್ಲಿ ಚರ್ಮವಾದ್ಯ ಬಾರಿಸೋದಕ್ಕೆ ನಿರ್ಬಂಧ ಹಾಕಿತು. ಜನ ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಆಮೇಲೆ ತಗಡಿನ ಡಬ್ಬ ಬಂತು, 1940ರ ದಶಕದಲ್ಲಿ ಖಾಲಿ ಎಣ್ಣೆ ಡ್ರಮ್ಮು ಬಂತು. ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬಟ್ಟಲಿನಂತೆ ತಗ್ಗಿಸಿ, ಅದರಲ್ಲಿ ಬೇರೆ ಬೇರೆ ಭಾಗ ಮಾಡ್ತಾರೆ. ಒಂದೊಂದು ಭಾಗಕ್ಕೂ ಅದರದೇ ಫ್ರೀಕ್ವೆನ್ಸಿ. ದೊಡ್ಡ ಭಾಗಕ್ಕೆ ತಗ್ಗು ಸ್ವರ, ಚಿಕ್ಕದಕ್ಕೆ ಏರು ಸ್ವರ. ಇದೇ ಸ್ಟೀಲ್‌ಪ್ಯಾನ್.

1948ರ ನಂತರ ಕೆರಿಬಿಯನ್ ದ್ವೀಪಗಳಿಂದ ಸಾವಿರಾರು ಜನ ಕೆಲಸಕ್ಕೆ ಬ್ರಿಟನ್ನಿಗೆ ಬಂದರು. 1958ರಲ್ಲಿ ನಾಟಿಂಗ್ ಹಿಲ್‌ನಲ್ಲಿ ಬಿಳಿಯರ ಗುಂಪುಗಳು ಅವರ ಮೇಲೆ ದಾಳಿ ಮಾಡಿದವು. ಅದಕ್ಕೆ ಉತ್ತರವಾಗಿ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರ ಜನವರಿಯಲ್ಲಿ ಕೆರಿಬಿಯನ್ ಕಾರ್ನಿವಲ್ ಮಾಡಿದರು. ಚಳಿಗಾಲ, ಹಾಗಾಗಿ ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲ್ ಒಳಗೆ. 1966ರಲ್ಲಿ ರೋನ್ ಲ್ಯಾಸ್ಲೆಟ್ ಅನ್ನೋರು ಬಡಾವಣೆಯ ಮಕ್ಕಳಿಗಾಗಿ ಒಂದು ಹಬ್ಬ ಏರ್ಪಡಿಸಿದರು. ಅಲ್ಲಿಗೆ ಬಂದ ರಸೆಲ್ ಹೆಂಡರ್ಸನ್ ಅವರ ಸ್ಟೀಲ್ ಬ್ಯಾಂಡ್ ಬಾರಿಸ್ತಾ ಬಾರಿಸ್ತಾ ಬೀದಿಗಿಳಿದು ನಡೆಯಿತು, ಜನ ಹಿಂದೆ ಹೊರಟರು. ಬಡಾವಣೆಯ ಹಬ್ಬ ಕಾರ್ನಿವಲ್ ಆಗಿದ್ದು ಹೀಗೆ.

1970ರ ದಶಕದಲ್ಲಿ ಲೆಸ್ಲಿ ಪಾಮರ್ ಜಮೈಕಾದ ರೆಗೆ ನುಡಿಸುವ ಸೌಂಡ್ ಸಿಸ್ಟಮ್‌ಗಳನ್ನೂ ಸೇರಿಸಿದರು. ಜನ ಕಿಕ್ಕಿರಿದರು. 1976ರಲ್ಲಿ ಸುಮಾರು 3,000 ಪೊಲೀಸರು ಬಂದರು, ಕಪ್ಪು ಯುವಕರಿಗೂ ಅವರಿಗೂ ದೊಡ್ಡ ಘರ್ಷಣೆ ಆಯ್ತು. ಕಾರ್ನಿವಲ್ ನಿಲ್ಲಿಸಿ, ಇಲ್ಲಾಂದ್ರೆ ಯಾವುದಾದರೂ ಮೈದಾನಕ್ಕೆ ಹಾಕಿ ಅನ್ನೋ ಮಾತು ಆಗಿನಿಂದ ಮತ್ತೆ ಮತ್ತೆ ಬರ್ತಾನೇ ಇದೆ. ಆದರೂ ಅದು ಬೀದಿ ಬಿಟ್ಟಿಲ್ಲ. ಕಲೆಗೆ ಸರ್ಕಾರದ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಕೂಡ ಇದಕ್ಕೆ ನೆರವು ಕೊಟ್ಟಿದೆ. ನಿಯಮಗಳೂ ಇವೆ: ಸಂಜೆ 7ಕ್ಕೆ ಸೌಂಡ್ ಸಿಸ್ಟಮ್ ಬಂದ್.

ಆದರೆ ಅದೇ ಲಂಡನ್ನಿನಲ್ಲಿ 2005ರಲ್ಲಿ ಪೊಲೀಸರು ‘ಫಾರ್ಮ್ 696’ ತಂದರು. ಕ್ಲಬ್ಬಿನಲ್ಲಿ ಕಾರ್ಯಕ್ರಮ ಮಾಡೋರು ಹಾಡೋರ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕಿತ್ತು. ಮೊದಮೊದಲು ಯಾವ ಶೈಲಿಯ ಸಂಗೀತ, ಕೇಳೋಕೆ ಬರೋರು ಯಾವ ಜನಾಂಗದವರು ಅಂತಲೂ ಕೇಳ್ತಿತ್ತು. ವಲಸೆ ಬಂದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಗ್ರೈಮ್ ಸಂಗೀತಕ್ಕೆ ಇದರಿಂದ ವೇದಿಕೆಗಳೇ ಸಿಗದ ಹಾಗಾಯ್ತು ಅಂತ ಕಲಾವಿದರು ವಿರೋಧಿಸಿದರು. 2017ರಲ್ಲಿ ಫಾರ್ಮ್ ರದ್ದಾಯಿತು.

ಎರಡೂ ನಿಯಮಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 7 ಗಂಟೆಯ ನಿಯಮ ಎಲ್ಲ ಸ್ಪೀಕರಿಗೂ ಒಂದೇ. ಫಾರ್ಮ್ 696 ಕೇಳಿದ್ದು ಯಾರು ಹಾಡ್ತಾರೆ, ಯಾರು ಕುಣೀತಾರೆ ಅಂತ. ಮುಂದಿನ ಫೆಸ್ಟ್ ಕಮಿಟಿಯಲ್ಲಿ ‘ಆ ಥರದ ಹಾಡು ಬೇಡ’ ಅಂತ ಯಾರಾದರೂ ಅಂದರೆ, ಬೇಡ ಅಂತಿರೋದು ಸದ್ದನ್ನೋ ಅಥವಾ ಆ ಹಾಡಿನ ಜನರನ್ನೋ ಅಂತ ಒಮ್ಮೆ ಕೇಳಿ.