ನಾಳೆಯ ಗಾಳಿಯ ಲೆಕ್ಕ

ದೀಪಾವಳಿ ಕಳೆದು ಚಳಿ ಕಾಲಿಟ್ಟಿತೆಂದರೆ ಮುನಿರ್ಕಾದ ನಮ್ಮ ಮನೆಗಳಲ್ಲಿ ಮೊದಲ ಚಿಂತೆ ಹಿರಿಯರ ಉಬ್ಬಸದ್ದು. ನಾಳೆಯ ಗಾಳಿ ಹೇಗಿದ್ದೀತೆಂಬುದು ಇಂದೇ ತಿಳಿದರೆ ಅವರ ಮುಂಜಾನೆಯ ವಾಯುವಿಹಾರವನ್ನು ಮುಂದೂಡಬಹುದು. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯು 2018ರಲ್ಲಿ ದೆಹಲಿಗಾಗಿ ಇಂಥ ಮುನ್ನೆಚ್ಚರಿಕೆಯ ವ್ಯವಸ್ಥೆಯನ್ನು ಆರಂಭಿಸಿತು. ಇದರ ಹಿಂದಿರುವ ಗಣಿತ ಎಂಥದು?

ನಗರದ ಮೇಲಣ ವಾಯುವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಗಾಳಿಯ ವೇಗ, ಉಷ್ಣತೆ, ಧೂಳು, ಹೊಗೆಗಳನ್ನು ಮತ್ತೆ ಮತ್ತೆ ಲೆಕ್ಕ ಹಾಕಬೇಕು. ನಾಳೆಯ ಮುನ್ಸೂಚನೆ ನಾಡಿದ್ದು ದೊರೆತರೆ ಫಲವೇನು? ಆದ್ದರಿಂದ ಲೆಕ್ಕವನ್ನು ಅನೇಕ ಪ್ರೊಸೆಸರುಗಳಿಗೆ ಹಂಚಿ ಏಕಕಾಲದಲ್ಲಿ ಮಾಡಿಸುತ್ತಾರೆ.

ಭಾರತದಲ್ಲಿ ಈ ವಿದ್ಯೆಯ ತೌರು ನಮ್ಮ ಬೆಂಗಳೂರೆಂಬುದು ಹೆಮ್ಮೆಯ ಸಂಗತಿ. ವಾಯುಪ್ರವಾಹದ ಲೆಕ್ಕಕ್ಕೆಂದೇ ಅಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1986ರಲ್ಲಿ ‘ಫ್ಲೋಸಾಲ್ವರ್’ ಗಣಕಯಂತ್ರವನ್ನು ನಿರ್ಮಿಸಿತು. ನಾಲ್ಕು ಇಂಟೆಲ್ 8086 ಪ್ರೊಸೆಸರುಗಳು. ಗಣಿತದ ಭಾರ ಹೊರಲು 8087 ಎಂಬ ಸಹಾಯಕಗಳು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದಲ್ಲಿಯೂ ಎರಡು ಬಗೆಯ ಕೆಲಸಗಾರರಿದ್ದಾರೆ: ಸಾಮಾನ್ಯ ಪ್ರೊಸೆಸರುಗಳು ಮತ್ತು ಒಂದೊಂದರಲ್ಲಿಯೂ 5120 ಕಿರು ಘಟಕಗಳಿರುವ ಗ್ರಾಫಿಕ್ಸ್ ಪ್ರೊಸೆಸರುಗಳು.

ಇವರಿಗೆ ಕೆಲಸ ಹಂಚುವುದು ಹೇಗೆ? ಸಂಘದ ಯುಗಾದಿ ಊಟವನ್ನು ನೆನೆಯಿರಿ. ಉಪ್ಪು, ಹುಳಿಯ ಹದ ನಿರ್ಣಯಿಸಲು ನುರಿತ ಭಟ್ಟರು ಬೇಕು. ತರಕಾರಿ ಹೆಚ್ಚಲು ಹತ್ತು ಮಂದಿ ಯುವಕರು ಸಾಕು. ಹಾಗೆಯೇ ವಿವೇಚನೆಯ ಕೆಲಸ ಸಾಮಾನ್ಯ ಪ್ರೊಸೆಸರಿಗೆ. ಒಂದೇ ಬಗೆಯ ಅಸಂಖ್ಯ ಲೆಕ್ಕಗಳು ಕಿರು ಘಟಕಗಳಿಗೆ. ಚುರುಕಿನವನಿಗೂ ನಿಧಾನದವನಿಗೂ ಸಮಪಾಲು ಕೊಟ್ಟರೆ ಮೊದಲಿನವನು ಕೈಕಟ್ಟಿ ಕುಳಿತಾನು, ಊಟ ತಡವಾದೀತು. ಅಂಕಿಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲೂ ಸಮಯ ಬೇಕು. ಒಂದು ಮೆಣಸಿನಕಾಯಿ ಹೆಚ್ಚಿಸಲು ನೆರೆಮನೆಗೆ ಕಳುಹಿಸುವವರುಂಟೆ?

ಇನ್ನೊಂದು ಮಿತಿಯುಂಟು. ಹೆಚ್ಚುವವರು ನೂರು ಮಂದಿಯಾದರೂ ಬೇಳೆ ಬೇಯುವ ಹೊತ್ತು ಕುಗ್ಗದು. ಹಂಚಲಾಗದ ಭಾಗವು ಒಟ್ಟು ಕೆಲಸದ ಹತ್ತನೆಯ ಒಂದಂಶವಿದ್ದರೆ, ಎಷ್ಟೇ ಪ್ರೊಸೆಸರುಗಳಿದ್ದರೂ ವೇಗವು ಹತ್ತುಪಟ್ಟನ್ನು ಮೀರದು. 1967ರಲ್ಲಿ ಜೀನ್ ಆಮ್ಡಾಲ್ ಎಂಬ ತಜ್ಞರು ಮುಂದಿಟ್ಟ ವಿಚಾರದ ಸಾರವಿದು.

ಹೀಗೆ ಅಸಮಾನರು ಕೂಡಿ ದುಡಿದರೆ ಮಾತ್ರ ದೊಡ್ಡ ಲೆಕ್ಕ ಸಕಾಲಕ್ಕೆ ಮುಗಿಯುತ್ತದೆ. ಮುನ್ಸೂಚನೆ ಕೈಗೆ ಬಂದ ಮೇಲೆ ಉಳಿದ ಪಾಲು ನಮ್ಮದು. ಗಾಳಿ ಕೆಡುವುದೆಂದು ತಿಳಿದ ದಿನ ಹಿರಿಯರನ್ನೂ ಮಕ್ಕಳನ್ನೂ ಮನೆಯೊಳಗಿರಿಸಿರಿ. ಹೊರಹೋಗಲೇಬೇಕಾದರೆ ಎನ್-95 ಮುಖಗವಸು ಧರಿಸಲಿ. ವೈದ್ಯರು ಹೇಳಿದ ಇನ್ಹೇಲರನ್ನು ತಾವಾಗಿಯೇ ನಿಲ್ಲಿಸದಿರಲಿ. ಎಚ್ಚರಿಕೆಯನ್ನು ಕೇಳಿಯೂ ನಾವು ಅಲಕ್ಷಿಸಿದರೆ, ಯಂತ್ರದ ವೇಗವೆಲ್ಲ ವ್ಯರ್ಥವಲ್ಲವೆ?