ಆಕಾಶದ ಗಡಿಯಾರ ಹೇಳಿದ ಗುಟ್ಟು

ನಕ್ಷತ್ರಗಳ ದೊಡ್ಡ ಊರೇ ಗ್ಯಾಲಕ್ಸಿ. ನಾವಿರುವ ಊರು ಆಕಾಶಗಂಗೆ. ಅದರ ನಟ್ಟನಡುವೆ ಸೂರ್ಯನ ಸುಮಾರು 40 ಲಕ್ಷ ಪಟ್ಟು ತೂಗುವ ಕಪ್ಪುಕುಳಿ ಇದೆ. ಬೆಳಕನ್ನೂ ಹೊರಗೆ ಬಿಡದ ಇಂಥ ಕುಳಿ ದೊಡ್ಡ ಗ್ಯಾಲಕ್ಸಿಗಳ ನಡುವೆಯೆಲ್ಲ ಇದೆಯೆಂದು ವಿಜ್ಞಾನಿಗಳ ಎಣಿಕೆ. ಹಾಗಾದರೆ ಎರಡು ಗ್ಯಾಲಕ್ಸಿ ಡಿಕ್ಕಿಯಾಗಿ ಒಂದಾದಾಗ? ಒಂದೇ ಮನೆಗೆ ಇಬ್ಬರು ಯಜಮಾನರು!

ಕೈ ಹಿಡಿದು ಫುಗಡಿ ಆಡುವ ಹುಡುಗಿಯರಂತೆ ಎರಡೂ ಕುಳಿಗಳು ಒಂದನ್ನೊಂದು ಸುತ್ತುತ್ತವೆ. ಆಗ ಕೆರೆಗೆ ಕಲ್ಲು ಬಿದ್ದಂತೆ ಆಕಾಶದಲ್ಲೇ ಅಲೆ ಏಳುತ್ತದೆ. ಇದೇ ಗುರುತ್ವ ಅಲೆ. ಐನ್‌ಸ್ಟೈನ್ 1916ರಲ್ಲೇ ಇದನ್ನು ಲೆಕ್ಕ ಹಾಕಿ ಹೇಳಿದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರ ಮೊದಲ ಅಲೆಯನ್ನು ಹಿಡಿಯಿತು. ಆದರೆ ಅದು ಸೂರ್ಯನ ಸುಮಾರು 30 ಪಟ್ಟು ತೂಕದ ಚಿಕ್ಕ ಕುಳಿಗಳದ್ದು. ಒಂದು ಸೆಕೆಂಡಿನೊಳಗೇ ಮುಗಿದುಹೋಯಿತು. ಗ್ಯಾಲಕ್ಸಿ ನಡುವಿನ ದೈತ್ಯರ ಒಂದು ಅಲೆ ಎದ್ದು ಇಳಿಯಲು ವರ್ಷಗಳೇ ಬೇಕು. ಲೈಗೋದ 4 ಕಿಲೋಮೀಟರ್ ತೋಳು ಅದಕ್ಕೆ ಸಾಲದು.

ಆಗ ನೆರವಿಗೆ ಬಂದದ್ದು ಪಲ್ಸಾರ್‌ಗಳು. 1967ರಲ್ಲಿ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ಮೊದಲು ಕಂಡ ಈ ಸತ್ತ ನಕ್ಷತ್ರಗಳಲ್ಲಿ ಕೆಲವು ಸೆಕೆಂಡಿಗೆ ನೂರಾರು ಬಾರಿ ಗಿರಗಿರನೆ ತಿರುಗುತ್ತವೆ. ತಿರುಗಿದಾಗೆಲ್ಲ ಒಂದು ರೇಡಿಯೋ ಮಿಡಿತ ನಮಗೆ ತಲುಪುತ್ತದೆ. ಗಡಿಯಾರದಷ್ಟೇ ಖಚಿತ. ನಡುವೆ ಗುರುತ್ವ ಅಲೆ ಹಾದುಹೋದರೆ ಮಿಡಿತ ಕೊಂಚ ಬೇಗ ಅಥವಾ ತಡವಾಗಿ ಬರುತ್ತದೆ. ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ!

ಇಷ್ಟು ಸಣ್ಣದನ್ನು ನಂಬುವುದು ಹೇಗೆ? ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆ ನೋಡುತ್ತಿದ್ದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಲೆಡ್ಜರಿನಲ್ಲಿ ವ್ಯತ್ಯಾಸ ಬಂದರೆ ಅದು ಆ ಪುಸ್ತಕದ ದೋಷ. ಎಲ್ಲ ಲೆಡ್ಜರುಗಳಲ್ಲೂ ಒಂದೇ ಕ್ರಮದಲ್ಲಿ ಬಂದರೆ ಕಾರಣ ಹೊರಗಿದೆ. ಆ ಕ್ರಮವನ್ನು ಹೆಲಿಂಗ್ಸ್ ಮತ್ತು ಡೌನ್ಸ್ 1983ರಲ್ಲೇ ಹೇಳಿಟ್ಟಿದ್ದರು: ಒಟ್ಟಾರೆ ನೋಡಿದಾಗ, ಆಕಾಶದಲ್ಲಿ ಅಕ್ಕಪಕ್ಕ ಕಾಣುವ ಪಲ್ಸಾರ್‌ಗಳು ಒಟ್ಟಿಗೆ ಹಿಂದುಮುಂದಾಗಬೇಕು, ಸುಮಾರು ಲಂಬಕೋನದಷ್ಟು ದೂರವಿರುವವು ಒಂದು ಬೇಗ, ಇನ್ನೊಂದು ತಡ.

2023ರ ಜೂನ್‌ನಲ್ಲಿ ಆ ಕ್ರಮದ ಕುರುಹು ಸಿಕ್ಕಿದೆಯೆಂದು ಹಲವು ದೇಶಗಳ ತಂಡಗಳು ಒಟ್ಟಿಗೇ ಪ್ರಕಟಿಸಿದವು. ಅಮೆರಿಕದ ತಂಡ 15 ವರ್ಷಗಳ ಲೆಕ್ಕ ಇಟ್ಟಿತ್ತು. ಯುರೋಪಿನವರ ಜೊತೆ ನಮ್ಮವರೂ ಇದ್ದರು. ಪುಣೆ ಬಳಿಯ ಖೋಡದ್‌ನಲ್ಲಿ ತಲಾ 45 ಮೀಟರ್ ಅಗಲದ 30 ಡಿಶ್‌ಗಳುಳ್ಳ ರೇಡಿಯೋ ದೂರದರ್ಶಕ ಅವರದ್ದು.

ಕೇಳಿಸಿದ್ದು ಒಂದು ಜೋಡಿಯ ದನಿಯಲ್ಲ, ದೂರದ ಜಾತ್ರೆಯ ಗುಂಯ್‌ಗುಡುವಿಕೆಯಂಥದ್ದು. ಅಸಂಖ್ಯ ಜೋಡಿಗಳ ಅಲೆಗಳು ಬೆರೆತು ಹೀಗಾಗಿರಬೇಕೆಂದು ಹೆಚ್ಚಿನವರ ಅಭಿಪ್ರಾಯ. ಯಾವ ದನಿ ಯಾವ ಗ್ಯಾಲಕ್ಸಿಯದು ಎಂದು ಬಿಡಿಸಬೇಕಾದರೆ ಇನ್ನೂ ಹಲವು ವರ್ಷ ಬರೆದಿಡಬೇಕು. ಅಜ್ಜ ತೆರೆದ ಲೆಕ್ಕದ ಪುಸ್ತಕವನ್ನು ಮೊಮ್ಮಗಳು ಮುಂದುವರಿಸುವ ಕೆಲಸವಿದು.

ಜೋಡಿ ಇರಬಹುದೆಂಬ ಗುಮಾನಿಯ ಒಂದು ಗ್ಯಾಲಕ್ಸಿ ಓಜೆ 287. ಸುಮಾರು 12 ವರ್ಷಕ್ಕೊಮ್ಮೆ ಅದರ ಹೊಳಪು ಏರುತ್ತದೆ. ಬರಿಗಣ್ಣಿಗೆ ಕಾಣದು. ಆದರೆ ಅದಿರುವುದು ಅಜ್ಜಿಯರಿಗೆ ಗೊತ್ತಿರುವ ಪುಷ್ಯ ನಕ್ಷತ್ರದ ಪಕ್ಕದಲ್ಲೇ. ಫಾಲ್ಗುಣದ ರಾತ್ರಿ ಮಕ್ಕಳನ್ನು ತಾರಸಿಗೆ ಕರೆದೊಯ್ದು ಆ ದಿಕ್ಕು ತೋರಿಸಿ.